ಕೆಳಗೆ ಅಂಗಡಿ, ಮೇಲೆ ನಾವು: ಕ್ಯಾಲಿಫೋರ್ನಿಯಾದ ಹಿರಿಯರ ಬಾಡಿಗೆ ಮನೆಯಲ್ಲಿ ಆರೇಳು ವರ್ಷ

5ಕ್ಕೆ 3.5. ಬರೀ ಮನೆಗಾದರೆ ನಾಲ್ಕೂವರೆ ಕೊಡುತ್ತಿದ್ದೆ. ಬಾಡಿಗೆ ಏರುವ ರೀತಿಗೆ ಅರ್ಧ, ಕೆಳಗಿನ ಅಂಗಡಿಗಳಿಗೆ ಅರ್ಧ ಕಳೆದಿದ್ದೇನೆ. ಊರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯದು, ಎಲ್ಲರೂ ಈಸ್ಟ್ ಬೇ ಅನ್ನುತ್ತಾರಲ್ಲ, ಅಲ್ಲಿ. ಕಟ್ಟಡದ ಹೆಸರು ಮಾತ್ರ ಹೇಳುವುದಿಲ್ಲ. ಇನ್ನೂ ಅದೇ ಆಫೀಸಿಗೆ ಬಾಡಿಗೆ ಕಟ್ಟಬೇಕಾದವಳು ನಾನು.

ಗ್ರೀನ್ ಕಾರ್ಡ್ ಮೇಲೆ ಬಂದು, ಮಕ್ಕಳ ಹತ್ತಿರವೂ ಇರಬೇಕು, ಅವರ ಮನೆಯೊಳಗೂ ಇರಬಾರದು ಎಂದು ಲೆಕ್ಕ ಹಾಕುತ್ತಿರುವ ಅಪ್ಪ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಬಹುದು. ನಮ್ಮದು 62 ದಾಟಿದವರಿಗೇ ಮೀಸಲಾದ ನಾಲ್ಕು ಮಹಡಿಯ ಕಟ್ಟಡ. ನಗರದವರು ಜಾಗ ಕೊಟ್ಟು, ಮೇಲೆ ಸಾಲವನ್ನೂ ಕೊಟ್ಟಿದ್ದಾರೆ. ಉಳಿದ ಹಣದ ಬಹುಪಾಲು ಬಂದದ್ದು 1986ರ ತೆರಿಗೆ ಕಾಯಿದೆಯಲ್ಲಿ ಹುಟ್ಟಿದ ಟ್ಯಾಕ್ಸ್ ಕ್ರೆಡಿಟ್ ವ್ಯವಸ್ಥೆಯಿಂದ. ದೊಡ್ಡ ಬ್ಯಾಂಕು, ಕಂಪನಿಗಳು ಇಂಥ ಕಟ್ಟಡಕ್ಕೆ ದುಡ್ಡು ಹಾಕಿ, ಹತ್ತು ವರ್ಷ ತಮ್ಮ ತೆರಿಗೆಯಲ್ಲಿ ವಿನಾಯಿತಿ ಪಡೆಯುತ್ತವೆ. ಇದಕ್ಕೆಲ್ಲ ಪ್ರತಿಯಾಗಿ 55 ವರ್ಷ ಕಡಿಮೆ ಆದಾಯದವರಿಗೇ ಬಾಡಿಗೆಗೆ ಕೊಡುತ್ತೇವೆಂದು ಮಾಲೀಕರು ಬರೆದುಕೊಟ್ಟಿರುತ್ತಾರೆ. ನಾವು ಹೋದಮೇಲೂ ಕರಾರು ಇರುತ್ತದೆ ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಾರೆ.

ಮನೆಯ ಬಗ್ಗೆ ದೂರುವುದಕ್ಕೆ ಹೆಚ್ಚೇನಿಲ್ಲ. ಒಂದು ಬೆಡ್‌ರೂಮು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಹೊಸ್ತಿಲಿಲ್ಲದ ಸ್ನಾನದ ಜಾಗ, ಬಿದ್ದರೆ ಎಳೆದು ಸಹಾಯ ಕರೆಯಲು ದಾರ. ಗಾಲಿಕುರ್ಚಿ ಎಲ್ಲ ಬಾಗಿಲಲ್ಲೂ ಹಿಡಿಸುತ್ತದೆ. ಮೊದಮೊದಲು ಇದನ್ನೆಲ್ಲ ನೋಡಿ ಆಸ್ಪತ್ರೆಗೆ ಬಂದ ಹಾಗಾಗಿತ್ತು. ಮಂಡಿ ಆಪರೇಷನ್ ಆದಮೇಲೆ ಕಟ್ಟಿದವನಿಗೆ ಪುಣ್ಯ ಬರಲಿ ಅಂದುಕೊಂಡೆ. ಒಲೆಯ ಮೇಲಿನ ಫ್ಯಾನು ಮಾತ್ರ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಅಡುಗೆಮನೆಯಲ್ಲೇ ಸುತ್ತಿಸುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಕೂಗಿಕೊಂಡು, ಎದುರುಮನೆಯ ಚೀನೀ ಅಜ್ಜಿ ಗಾಬರಿಯಿಂದ ಓಡಿಬಂದದ್ದೂ ಉಂಟು. ಈಗ ಅವರಿಗೂ ಚಿತ್ರಾನ್ನದ ದಿನ ಗೊತ್ತು.

ಇನ್ನು ಬಾಡಿಗೆ. ಆದಾಯದ ಶೇಕಡಾ 30 ಮಾತ್ರ ಬಾಡಿಗೆ ಎಂದು ಕೂಟಗಳಲ್ಲಿ, ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಎಲ್ಲರೂ ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆ, ಯಾರ ಆದಾಯದ್ದು? ನಮ್ಮದಲ್ಲ. ಕೇಂದ್ರದ ವಸತಿ ಇಲಾಖೆ ಪ್ರತಿವರ್ಷ ಈ ಭಾಗದ ಕುಟುಂಬಗಳ ನಡುಮಟ್ಟದ ಆದಾಯ ಎಷ್ಟೆಂದು ಪ್ರಕಟಿಸುತ್ತದೆ. ಅದರ ಶೇಕಡಾ 60 ಅಥವಾ 50 ಅಥವಾ 30 ಎಂದು ಒಂದೊಂದು ಮನೆಗೆ ಒಂದೊಂದು ಮಟ್ಟ ಕಟ್ಟಿರುತ್ತಾರೆ. ಬಾಡಿಗೆಯ ಗರಿಷ್ಠ ಮಿತಿ ಆ ಮಟ್ಟದ ಶೇಕಡಾ 30. ಹೀಗಾಗಿ ಒಂದೇ ಪಡಸಾಲೆಯಲ್ಲಿ ಒಂದೇ ಅಳತೆಯ ಮನೆಗಳಿಗೆ ಬಾಡಿಗೆ ಬೇರೆ ಬೇರೆ. ಲೆಕ್ಕದಲ್ಲಿ ಇನ್ನೊಂದು ವಿಚಿತ್ರವಿದೆ. ಒಂದು ಬೆಡ್‌ರೂಮಿಗೆ ಒಂದೂವರೆ ಜನ ಎಂದು ಹಿಡಿಯುತ್ತಾರೆ. ನಮ್ಮಿಬ್ಬರಲ್ಲಿ ಅರ್ಧ ಯಾರು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ನಗೆ ಬಿಟ್ಟು ಹೇಳುವುದಾದರೆ, ಇದರ ಅರ್ಥ ಇಷ್ಟೇ. ಸುತ್ತಲಿನ ಸಾಫ್ಟ್‌ವೇರ್ ಹುಡುಗರ ಸಂಬಳ ಏರಿದರೆ ನಡುಮಟ್ಟ ಏರುತ್ತದೆ, ನಡುಮಟ್ಟ ಏರಿದರೆ ನಮ್ಮ ಬಾಡಿಗೆ ಏರಬಹುದು. ಏರಿಸಲೇಬೇಕೆಂದಿಲ್ಲ, ಆದರೆ ನಮ್ಮಲ್ಲಿ ಏರಿಸಿದರು. ನಮ್ಮ ಯಜಮಾನರದು ಕರ್ನಾಟಕ ಸರ್ಕಾರದ ಪಿಂಚಣಿ. ಬಂದ ಹೊಸತರಲ್ಲಿ, 2018ರ ಕೊನೆಗೆ, ಡಾಲರಿಗೆ ಸುಮಾರು 70 ರೂಪಾಯಿ. 2024ರ ಕೊನೆಗೆ 85 ದಾಟಿತು. ತುಟ್ಟಿಭತ್ಯೆ ಬಂದಷ್ಟನ್ನೂ ಡಾಲರು ನುಂಗಿಕೊಳ್ಳುತ್ತದೆ. ಪಕ್ಕದ ಮನೆಯ ಆಫ್ಘನ್ ಹೆಂಗಸಿಗೆ, ತೀರ ಕಡಿಮೆ ಆದಾಯದ ವೃದ್ಧರಿಗೂ ಅಂಗವಿಕಲರಿಗೂ ಇಲ್ಲಿನ ಕೇಂದ್ರ ಸರ್ಕಾರ ತಿಂಗಳು ತಿಂಗಳು ಕೊಡುವ ಎಸ್‌ಎಸ್‌ಐ ನೆರವೇ ಆಧಾರ, 2025ರಲ್ಲಿ ಅದು ಏರಿದ್ದು ಶೇಕಡಾ 2.5. ಬಾಡಿಗೆ ಅಷ್ಟಕ್ಕೆ ನಿಲ್ಲಲಿಲ್ಲ. ಹೊರಗಿನ ಬಾಡಿಗೆಗೆ ಹೋಲಿಸಿದರೆ ಈಗಲೂ ನಮ್ಮದು ಬಹಳ ಕಡಿಮೆ, ಅದನ್ನು ಒಪ್ಪುತ್ತೇನೆ. ಆದರೆ ಕಡಿಮೆ ಬಾಡಿಗೆ ಬೇರೆ, ನಮ್ಮ ಕೈಗೆಟಕುವ ಬಾಡಿಗೆ ಬೇರೆ.

ವರ್ಷಕ್ಕೊಮ್ಮೆ ಆದಾಯದ ಪರಿಶೀಲನೆ ಇರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟು, ಪಿಂಚಣಿ ಆದೇಶ, ಮೈಸೂರಿನ ಮನೆಯ ಬಾಡಿಗೆ ಎಲ್ಲವನ್ನೂ ತೋರಿಸಬೇಕು. ಆಸ್ತಿ ಇರಬಾರದೆಂದೇನಿಲ್ಲ, ಅದರಿಂದ ಬರುವ ಆದಾಯ ಲೆಕ್ಕಕ್ಕೆ ಸೇರುತ್ತದೆ. ಮಗ ತಿಂಗಳು ತಿಂಗಳು ಕೈಗೆ ದುಡ್ಡು ಕೊಟ್ಟರೆ ಅಥವಾ ನಮ್ಮ ಕರೆಂಟ್ ಬಿಲ್ ಕಟ್ಟಿದರೆ ಅದೂ ಆದಾಯವೇ. ಸೋನಾಮಸೂರಿ ಮೂಟೆ ತಂದಿಟ್ಟರೆ ಅಲ್ಲ. ಹಾಗಾಗಿ ನಮ್ಮ ಮಗನ ಪ್ರೀತಿಯೆಲ್ಲ ದಿನಸಿಯ ರೂಪದಲ್ಲೇ ಬರುತ್ತದೆ.

ಅಂಗಡಿಗಳ ಕಥೆ ಇನ್ನೂ ಉದ್ದ. ಮನೆಗೆ ಅರ್ಜಿ ಹಾಕುವಾಗ ನೋಡಿದ ಚಿತ್ರದಲ್ಲಿ ನೆಲಮಹಡಿಯ ತುಂಬ ಹೂವಿನ ಕುಂಡ, ಕಾಫಿ ಕುಡಿಯುವ ಜನ. ವಾಸಕ್ಕೆ ಬಂದಮೇಲೆ ಕಂಡದ್ದು ಕಂದು ಕಾಗದ ಅಂಟಿಸಿದ ಗಾಜು, ಅದರ ಮೇಲೆ 'ಬಾಡಿಗೆಗಿದೆ' ಎನ್ನುವ ಬೋರ್ಡು, ವರ್ಷಗಟ್ಟಲೆ. ಯಾಕೆಂದು ವಿಚಾರಿಸುತ್ತ ಹೋದೆ. ಟ್ಯಾಕ್ಸ್ ಕ್ರೆಡಿಟ್ ಹಣವನ್ನು ವಸತಿಗೆ ಮಾತ್ರ ಬಳಸಬೇಕು, ಅಂಗಡಿಯ ಭಾಗಕ್ಕೆ ಬೇರೆ ದುಡ್ಡು ಹುಡುಕಬೇಕು. ಆದ್ದರಿಂದ ಬರೀ ಕಾಂಕ್ರೀಟು ಗೋಡೆ ಎತ್ತಿ ನಿಲ್ಲಿಸಿದ್ದರು. ಹೋಟೆಲಿನವರಿಗೆ ಬೇಕಾದ ಹೊಗೆ ಕೊಳವೆಯಿಲ್ಲ, ಜಿಡ್ಡು ಹಿಡಿಯುವ ತೊಟ್ಟಿಯಿಲ್ಲ. ಅಷ್ಟೆಲ್ಲ ಖರ್ಚು ಮಾಡಿ ಯಾವ ಇಡ್ಲಿ ಹೋಟೆಲಿನವನು ಬರುತ್ತಾನೆ?

ಹಾಗಾದರೆ ನಗರದವರು ಅಂಗಡಿ ಇರಲೇಬೇಕೆಂದು ಹಟ ಹಿಡಿದದ್ದೇಕೆ? ಮತದಾರರೇ ಮತ ಹಾಕಿ ತಂದ 1978ರ ಪ್ರಾಪೊಸಿಷನ್ 13 ಎಂಬ ಕಾನೂನು ಬಂದಾಗಿನಿಂದ ಇಲ್ಲಿ ಆಸ್ತಿ ತೆರಿಗೆಯ ಮೂಲ ದರ ಶೇಕಡಾ 1ಕ್ಕೆ ಕಟ್ಟಿಬಿದ್ದಿದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ನಡೆಸುವ ನಮ್ಮಂಥ ಮನೆಗಳಿಗೆ ಅದರಲ್ಲೂ ವಿನಾಯಿತಿ. ಸೇಲ್ಸ್ ಟ್ಯಾಕ್ಸ್‌ನಲ್ಲಾದರೆ ಮಾರಾಟದ ಶೇಕಡಾ 1 ಊರಿನ ಖಜಾನೆಗೆ ಬೀಳುತ್ತದೆ. ಮೇಲೆ ಬಡವರಿಗೆ ಮನೆ, ಕೆಳಗೆ ತೆರಿಗೆ ತರುವ ಅಂಗಡಿ, ಇದು ಲೆಕ್ಕಾಚಾರ. ತಮಾಷೆ ನೋಡಿ, ನಮಗೆ ಬೇಕಾದದ್ದು ತರಕಾರಿ ಮತ್ತು ಔಷಧಿ. ಕ್ಯಾಲಿಫೋರ್ನಿಯಾದಲ್ಲಿ ಅಡುಗೆಗೆ ಒಯ್ಯುವ ತರಕಾರಿಗೂ ಡಾಕ್ಟರು ಬರೆದುಕೊಟ್ಟ ಔಷಧಿಗೂ ಸೇಲ್ಸ್ ಟ್ಯಾಕ್ಸೇ ಇಲ್ಲ. ಕೊನೆಗೆ ಬಂದದ್ದು ಒಬ್ಬ ಹಲ್ಲಿನ ಡಾಕ್ಟರು, ಆಮೇಲೆ ಮಕ್ಕಳ ಗಣಿತದ ಟ್ಯೂಷನ್ನು. ಅವರ ಸೇವೆಗೂ ಆ ತೆರಿಗೆಯಿಲ್ಲ. ನಗರಕ್ಕೂ ಸಿಗಲಿಲ್ಲ, ನಮಗೂ ಸಿಗಲಿಲ್ಲ. ಕೊತ್ತಂಬರಿ ಸೊಪ್ಪಿಗೆ ಈಗಲೂ ಎರಡು ಬಸ್ಸು ಬದಲಾಯಿಸುತ್ತೇನೆ. ಮೈಸೂರಿನ ನಮ್ಮ ಬೀದಿಯಲ್ಲಿ ಕೆಳಗೆ ಕಿರಾಣಿ, ಮೇಲೆ ಮನೆ ತಂತಾನೇ ಆಗಿಹೋಗಿತ್ತು, ಯಾರೂ ಚಿತ್ರ ಬರೆದು ತೋರಿಸಿರಲಿಲ್ಲ.

ನಗರದವರನ್ನು ಪೂರ್ತಿ ಬೈಯಲೂ ಮನಸ್ಸಿಲ್ಲ. ಮೊದಲೆಲ್ಲ ಊರೂರಿಗೂ ಹಳೆಯ ಬಡಾವಣೆಗಳನ್ನು ಸುಧಾರಿಸುವ ಪುನರಭಿವೃದ್ಧಿ ಏಜೆನ್ಸಿ ಇತ್ತು. ಅದಕ್ಕೆ ಬರುವ ಹೆಚ್ಚುವರಿ ತೆರಿಗೆಯ ಶೇಕಡಾ 20 ಕಡಿಮೆ ಆದಾಯದವರ ವಸತಿಗೆ ಮೀಸಲು. ರಾಜ್ಯ ಸರ್ಕಾರ 2012ರಲ್ಲಿ ಅವನ್ನೆಲ್ಲ ಮುಚ್ಚಿಸಿತು. ಆಮೇಲೆ ದುಡ್ಡಿಗೆ ಜನರನ್ನೇ ಕೇಳಬೇಕಾಯಿತು. ಈಸ್ಟ್ ಬೇಯ ಅಲಮೀಡಾ ಕೌಂಟಿಯ ಮತದಾರರು 2016ರಲ್ಲಿ ವಸತಿಗೆಂದೇ 58 ಕೋಟಿ ಡಾಲರಿನ ಬಾಂಡಿಗೆ, ಅಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲಕ್ಕೆ, ಒಪ್ಪಿಗೆ ಕೊಟ್ಟರು. ತಮ್ಮ ಮನೆಯ ತೆರಿಗೆ ಏರುತ್ತದೆಂದು ಗೊತ್ತಿದ್ದೂ ಹೂಂ ಎಂದ ಜನ ಅವರು.

ಉಳಿದ ಕಿರಿಕಿರಿಗಳು ಚಿಕ್ಕವು. ನೆಂಟರು ಎರಡು ವಾರಕ್ಕಿಂತ ಹೆಚ್ಚು ಉಳಿಯುವಂತಿಲ್ಲ, ಹಾಗಾಗಿ ತಂಗಿ ಬಂದರೆ ಮಗನ ಮನೆಗೆ. ಪಾರ್ಕಿಂಗ್ ಮನೆಗೊಂದರಂತೆ ಇಲ್ಲ. ಊರಿಗೆ ಹೋದರೆ ತಿಂಗಳುಗಟ್ಟಲೆ ಉಳಿಯುವ ಅಭ್ಯಾಸ ಬಿಡಬೇಕು, ಇದೇ ನಿಮ್ಮ ಮುಖ್ಯ ವಾಸಸ್ಥಳವಾಗಿರಬೇಕೆಂದು ಕರಾರಿದೆ. ಎಸ್‌ಎಸ್‌ಐ ಪಡೆಯುವವರಿಗಂತೂ ದೇಶದಿಂದ ಹೊರಗೆ ಸತತ 30 ದಿನ ಕಳೆದರೆ ಹಣ ನಿಲ್ಲುತ್ತದೆ.

ಅರ್ಜಿ ಹಾಕುವವರು ಆಫೀಸಿನಲ್ಲಿ ಒಂದು ಮಾತು ತಪ್ಪದೆ ಕೇಳಿ: ಕಟ್ಟಡದಲ್ಲಿ ಪ್ರಾಜೆಕ್ಟ್ ವೋಚರ್ ಇರುವ ಮನೆಗಳಿವೆಯೇ? ಅಂಥ ಮನೆಯಲ್ಲಿ ಬಾಡಿಗೆ ನಿಮ್ಮದೇ ಆದಾಯದ ಸುಮಾರು ಶೇಕಡಾ 30, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಅದರ ವೇಟಿಂಗ್ ಲಿಸ್ಟು ಬೇರೆಯೇ ಇರುತ್ತದೆ. ಲಿಸ್ಟುಗಳು ತೆರೆದಿರುವುದು ಕೆಲವೇ ದಿನ, ಆದ್ದರಿಂದ ಕಂಡ ಕಂಡ ಕಟ್ಟಡಕ್ಕೆಲ್ಲ ಹಾಕಿಡಿ. ವಿಳಾಸ ಬದಲಾದರೆ ಪ್ರತಿಯೊಂದು ಕಡೆಗೂ ತಿಳಿಸಿ. ಅವರು ಕಳಿಸಿದ ಕಾಗದಕ್ಕೆ ಉತ್ತರ ಬರದಿದ್ದರೆ ಹೆಸರು ಹೊಡೆದುಹಾಕುತ್ತಾರೆ.