ಸವಳು ಹೊಲಕ್ಕೆ ಗೋಧಿ ಹಾಕುವ ಮುಂಚೆ ನನ್ನ ಕಥೆ ಕೇಳಿ

ಜಮಖಂಡಿ ಕಡೆ ನಮ್ಮದು ಮೂರು ಎಕರೆ ಎರೆ ಹೊಲ. ವರ್ಷಗಟ್ಟಲೆ ಕಬ್ಬು ಹಾಕಿ, ಲೆಕ್ಕವಿಲ್ಲದೆ ನೀರು ಬಿಟ್ಟಿದ್ದೇವೆ. ಬೇಸಿಗೆ ಬಂತೆಂದರೆ ಕೆಳಬದಿ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಸವಳು ಹತ್ತಿದೆ ಅಂತ ಗೊತ್ತಿತ್ತು. ಎಷ್ಟು ಅಂತ ಗೊತ್ತಿರಲಿಲ್ಲ.

ಹೋದ ಹಿಂಗಾರಿಗೆ ಕಬ್ಬು ಬಿಟ್ಟು ಗೋಧಿ ಹಾಕೋಣ ಅಂದುಕೊಂಡೆ. ಮನೆಯವರಿಗೆ ಮಾದಲಿಗೂ ಶಾವಿಗೆಗೂ ಡ್ಯೂರಂ ಅನ್ನುವ ಗಟ್ಟಿ ಕಾಳಿನ ಗೋಧಿಯೇ ಬೇಕು. ಬೀಜದ ಅಂಗಡಿಯವರು, "ಸವಳಿನ್ಯಾಗೂ ಬರ್ತೈತ್ರಿ, ಒಯ್ರಿ" ಅಂದರು. ಚೀಲದ ಮೇಲೆ ಹಾಗೇನೂ ಬರೆದಿರಲಿಲ್ಲ. ನಾನೂ ಓದಲಿಲ್ಲ.

ಮಣ್ಣು ಪರೀಕ್ಷೆ ಮಾಡಿಸದೆ ಹಾಕಿದೆ ಅಂತ ಬೈಯಬೇಡಿ, ಮಾಡಿಸಿದ್ದೆ. ಅಲ್ಲೇ ಎಡವಿದ್ದು. ಆಗಸ್ಟ್‌ನಲ್ಲಿ, ನಾಲ್ಕು ಮಳೆ ಬಿದ್ದ ಮೇಲೆ, ಮೇಲ್ಬದಿಯ ಒಂದೇ ಕಡೆ ಮಣ್ಣು ತೆಗೆದೆ. ಮಳೆ ಉಪ್ಪನ್ನು ಕೆಳಕ್ಕೆ ತಳ್ಳಿರುತ್ತದೆ. ಮಳೆ ನಿಂತ ಮೇಲೆ ಮಣ್ಣಿನ ಸಣ್ಣ ಸಂದುಗಳಲ್ಲಿ ನೀರು ಮೇಲೇರಿ ಆರಿಹೋಗುತ್ತದೆ, ಉಪ್ಪು ಮಾತ್ರ ಮೇಲೆ ಉಳಿಯುತ್ತದೆ. ಅಂದರೆ ಸರಿಯಾಗಿ ನಾವು ಬಿತ್ತುವ ಹೊತ್ತಿಗೆ ಅದೂ ಬಂದು ಕೂತಿರುತ್ತದೆ!

ವರದಿಯಲ್ಲಿ ಇಸಿ, ಅಂದರೆ ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಅನ್ನುವ ಅಳತೆ, 1.6 ಅಂತಿತ್ತು. ಗೋಧಿ 6ರವರೆಗೆ ತಡೆಯುತ್ತದೆ, ಆಮೇಲೆ ಒಂದೊಂದು ಅಂಕಿಗೆ ಇಳುವರಿ ಸುಮಾರು ಶೇ. 7 ಇಳಿಯುತ್ತದೆ ಅಂತ ಎಲ್ಲೋ ಓದಿದ್ದೆ. 6 ಎಲ್ಲಿ, 1.6 ಎಲ್ಲಿ ಅಂತ ನಿಶ್ಚಿಂತೆಯಾದೆ. ಆದರೆ ಎರಡೂ ಬೇರೆ ಬೇರೆ ಅಳತೆ. ಆ 6 ಅನ್ನುವುದು ಮಣ್ಣನ್ನು ಕೆಸರಿನ ಮುದ್ದೆ ಮಾಡಿ, ಅದರಿಂದ ಹಿಂಡಿದ ನೀರಿನ ಲೆಕ್ಕ. ನಮ್ಮ ಲ್ಯಾಬ್‌ನಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ನೋಡುತ್ತಾರೆ. ತೆಳುವಾದ ಸಾರಿನಲ್ಲಿ ಉಪ್ಪು ಕಮ್ಮಿ ಅನಿಸುತ್ತದಲ್ವಾ, ಹಾಗೆ. ಈ ಲೆಕ್ಕದಲ್ಲಿ 1 ದಾಟಿದರೇ ಮೊಳಕೆಗೆ ಕಷ್ಟ. ಇದನ್ನು ನನಗೆ ಹೇಳಿದ್ದು ಬೆಳೆ ಹೋದ ಮೇಲೆ.

ನವೆಂಬರ್‌ನಲ್ಲಿ ಬಿತ್ತಿದೆ. ಎರಡು ಎಕರೆ ಡ್ಯೂರಂ. ಪಕ್ಕದ ಒಂದು ಎಕರೆಗೆ ಚಪಾತಿ ಗೋಧಿ, ಡಿಡಬ್ಲ್ಯೂಆರ್ 162. ಎರಡೂ ಪಟ್ಟಿ ಮೇಲ್ಬದಿಯಿಂದ ಕೆಳಬದಿಯವರೆಗೆ ಇದ್ದವು. ಬೇಕಂತ ಹಾಗೆ ಮಾಡಿದ್ದಲ್ಲ, ಆದರೆ ಅದರಿಂದಲೇ ವ್ಯತ್ಯಾಸ ಕಣ್ಣಿಗೆ ಬಿತ್ತು. ಮೇಲ್ಬದಿ ಎರಡೂ ಪರವಾಗಿಲ್ಲ. ನಡುವಿನಲ್ಲಿ ಡ್ಯೂರಂ ಎಲೆಯ ತುದಿ ಸುಟ್ಟಂತಾಗಿ ಒಳಕ್ಕೆ ಒಣಗುತ್ತಾ ಬಂತು. ತೆಂಡೆ ಒಡೆಯಲೇ ಇಲ್ಲ, ಒಂಟಿ ಕಡ್ಡಿ, ಅದಕ್ಕೊಂದು ಬೆರಳುದ್ದದ ತೆನೆ. ಪಕ್ಕದ ಚಪಾತಿ ಗೋಧಿ ಗಿಡ್ಡಾದರೂ ನಿಂತಿತ್ತು. ಕೆಳಬದಿಯಲ್ಲಿ ಜಾತಿಭೇದವಿಲ್ಲ, ಎರಡೂ ಮೊಳಕೆಯಲ್ಲೇ ಹೋದವು.

ಕಾರಣ ಆಮೇಲೆ ತಿಳಿಯಿತು. ಉಪ್ಪಿನಲ್ಲಿರುವ ಸೋಡಿಯಂ ಎಲೆಗೆ ಏರದಂತೆ ತಡೆಯುವ ಒಂದು ಗುಣ ಚಪಾತಿ ಗೋಧಿಗೆ ಹುಟ್ಟಿನಿಂದಲೇ ಇದೆ. ಅದು ಇರುವ ವರ್ಣತಂತುಗಳ ಗುಂಪೇ ಡ್ಯೂರಂನಲ್ಲಿಲ್ಲ, ನಮ್ಮ ಖಪ್ಲಿ ಗೋಧಿಯಲ್ಲೂ ಇಲ್ಲ. ಹಾಗಂತ ಚಪಾತಿ ಗೋಧಿ ಸವಳಿನ ಬೆಳೆ ಅಂತಲ್ಲ, ಸ್ವಲ್ಪ ಜಾಸ್ತಿ ತಾಳುತ್ತದೆ ಅಷ್ಟೇ. ನಿಜವಾಗಿ ಸವಳು ತಾಳುವುದಕ್ಕೆ ಹೆಸರಾದದ್ದು ರಾಜಸ್ಥಾನದ ಖಾರ್ಚಿಯಾ ಗೋಧಿ. ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ಕೆಆರ್‌ಎಲ್ 210ರಂಥ ತಳಿಗಳನ್ನು ಕೊಟ್ಟಿದ್ದಾರೆ. ಆದರೆ ಅವು ಉತ್ತರದ ಬಯಲಿಗೆ ಅಂತ ಬಂದವು. ನಮ್ಮ ಮೊಟಕು ಚಳಿಗೆ ಸುಮ್ನೆ ತರಿಸಿ ಹಾಕಬೇಡಿ, ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಇನ್ನೊಂದು ಖರ್ಚೂ ಮಾಡಿಕೊಂಡೆ. ಯಾರೋ ಹೇಳಿದರು ಅಂತ ಜಿಪ್ಸಂ ತಂದು ಎರಚಿದೆ. ಅದು ಕೆಲಸಕ್ಕೆ ಬರುವುದು ಪಿಎಚ್ 8.5 ದಾಟಿದ ಕರಲು, ಅಂದರೆ ಕ್ಷಾರ ಜಾಸ್ತಿಯಾದ ಮಣ್ಣಿಗೆ. ನನ್ನದು 8.1, ಬರೀ ಉಪ್ಪಿನ ಸವಳು. ಅದಕ್ಕೆ ಬೇಕಿರುವುದು ಒಳ್ಳೆಯ ನೀರಿನಿಂದ ತೊಳೆಯುವುದು ಮತ್ತು ಆ ನೀರು ಬಸಿದು ಹೊರಗೆ ಹೋಗಲು ದಾರಿ.

ಈ ಸಲ ಬಿತ್ತುವ ಹದಿನೈದು ದಿನ ಮುಂಚೆ ಮೇಲೆ, ನಡುವೆ, ಕೆಳಗೆ ಬೇರೆ ಬೇರೆ ಮಣ್ಣು ತೆಗೆದು ಮೂರು ಚೀಟಿ ಬರೆಸಿದ್ದೇನೆ. ಕೆಳಬದಿಗೆ ಗೋಧಿ ಇಲ್ಲ. ಅಲ್ಲಿ ಬಸಿಗಾಲುವೆ ತೋಡಬೇಕು, ಆದರೆ ನೀರು ಹೋಗಬೇಕಾದ್ದು ಕೆಳಗಿನ ಹೊಲದ ಕಾಕಾ ಅವರ ಬದುವಿನ ಮೂಲಕ. ಅವರು ಇನ್ನೂ ಹ್ಞೂಂ ಅಂದಿಲ್ಲ.