ದಾವಣಗೆರೆಯ ಸಿವಿಲ್ ವಿದ್ಯಾರ್ಥಿಗಳಿಗೆ: ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಮೇಡಂ ಪಾಠ ಹೇಗಿರುತ್ತದೆ

ಮೂರನೇ ಸೆಮಿಸ್ಟರ್ ಸಿವಿಲ್‌ನವರಿಗೆ ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ (ಲೋಡ್ ಬಿದ್ದಾಗ ವಸ್ತು ಎಷ್ಟು ತಡೆಯುತ್ತದೆ ಅಂತ ಲೆಕ್ಕ ಹಾಕುವ ವಿಷಯ) ತೆಗೆದುಕೊಳ್ಳುವ ಮೇಡಂ ಬಗ್ಗೆ ಹಾಸ್ಟೆಲ್‌ಗಳಲ್ಲಿ ಎರಡು ಮಾತು ಓಡಾಡುತ್ತವೆ. ಪಾಠ ಬಹಳ ನಿಧಾನ ಅನ್ನುವುದು ಒಂದು. ಅವರ ಹತ್ತಿರ ಕಲಿತವರು ಮುಂದೆ ಸ್ಟ್ರಕ್ಚರಲ್ ಅನಾಲಿಸಿಸ್, ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಡಿಸೈನ್‌ನಲ್ಲಿ ತಡವರಿಸುವುದಿಲ್ಲ ಅನ್ನುವುದು ಇನ್ನೊಂದು. ಎರಡೂ ನಿಜ. ನಿಧಾನ ಎಲ್ಲಿ ಲಾಭ, ಎಲ್ಲಿ ನಷ್ಟ ಅಂತ ಮೊದಲೇ ತಿಳಿದುಕೊಂಡು ಕ್ಲಾಸಿಗೆ ಕೂತರೆ ಒಳ್ಳೆಯದು.

ಬೋರ್ಡಿನ ಮೇಲೆ ಸೂತ್ರ ಮೊದಲು ಬರುವುದೇ ಇಲ್ಲ. ಬೀಮ್‌ನ ಚಿತ್ರ ಬರೆದು, ಸಪೋರ್ಟ್‌ಗಳನ್ನು ಅಳಿಸಿ, ಆ ಜಾಗದಲ್ಲಿ ಬಾಣ ಹಾಕಿಸುತ್ತಾರೆ. ಆಮೇಲೆ ರಿಯಾಕ್ಷನ್ (ಸಪೋರ್ಟ್ ಕೊಡುವ ಎದುರು ಬಲ), ಆಮೇಲೆ ಎಡಗಡೆಯಿಂದ ಕತ್ತರಿಸುತ್ತಾ ಶಿಯರ್ ಫೋರ್ಸ್ (ಬೀಮನ್ನು ಅಡ್ಡ ಕತ್ತರಿಸುವ ಬಲ), ಶಿಯರ್ ಸೊನ್ನೆಯಾಗುವ ಕಡೆ ಅತಿ ಹೆಚ್ಚಿನ ಬೆಂಡಿಂಗ್ ಮೊಮೆಂಟ್ (ಬೀಮನ್ನು ಬಾಗಿಸುವ ಪರಿಣಾಮ). ಬಾಣ ಹಾಕದೆ ಲೆಕ್ಕ ಶುರು ಮಾಡಿದ ಉತ್ತರವನ್ನು ಇಂಟರ್ನಲ್ಸ್‌ನಲ್ಲಿ (ಕಾಲೇಜೇ ನಡೆಸುವ ಪರೀಕ್ಷೆಯಲ್ಲಿ) ಅವರು ಸುಮ್ಮನೆ ಬಿಡುವುದಿಲ್ಲ.

ಒಂದು ಲೆಕ್ಕವನ್ನು ಅವರು ಎಷ್ಟು ದೂರ ಎಳೆದುಕೊಂಡು ಹೋಗುತ್ತಾರೆ ಅನ್ನುವುದಕ್ಕೆ ಇದನ್ನೇ ನೋಡಿ. 6 ಮೀಟರ್ ಉದ್ದದ ಸಿಂಪ್ಲಿ ಸಪೋರ್ಟೆಡ್ (ಎರಡೂ ತುದಿ ಸುಮ್ಮನೆ ಆನಿಸಿಟ್ಟ) ಬೀಮ್, ಸ್ವಂತ ತೂಕವೂ ಸೇರಿ ಮೀಟರಿಗೆ 10 ಕಿಲೋನ್ಯೂಟನ್ ಲೋಡ್. ಎರಡೂ ಕಡೆ ರಿಯಾಕ್ಷನ್ 30 ಕಿಲೋನ್ಯೂಟನ್, ನಡುವೆ ಮೊಮೆಂಟ್ 45 ಕಿಲೋನ್ಯೂಟನ್ ಮೀಟರ್. ಬೀಮ್ 230 ಮಿ.ಮೀ. ಅಗಲ, 450 ಮಿ.ಮೀ. ಆಳ ಇದ್ದರೆ ಸೆಕ್ಷನ್ ಮಾಡ್ಯುಲಸ್ (ಅಗಲ ಗುಣಿಸು ಆಳದ ವರ್ಗ, ಭಾಗಿಸು 6) 77,62,500 ಘನ ಮಿ.ಮೀ. ಮೊಮೆಂಟನ್ನು ಅದರಿಂದ ಭಾಗಿಸಿದರೆ ಸ್ಟ್ರೆಸ್ ಚದರ ಮಿ.ಮೀ.ಗೆ ಸುಮಾರು 5.8 ನ್ಯೂಟನ್. ಕ್ಲಾಸಿನಲ್ಲಿ ಅರ್ಧದಷ್ಟು ಜನ ತಪ್ಪುವುದು ಇಲ್ಲೇ. ಕಿಲೋನ್ಯೂಟನ್ ಮೀಟರನ್ನು ನ್ಯೂಟನ್ ಮಿಲಿಮೀಟರಿಗೆ ತರಲು 10ರ 6ನೇ ಘಾತದಿಂದ ಗುಣಿಸಬೇಕು. ಕಿಲೋ ಒಂದನ್ನೇ ಬಿಡಿಸಿ 1000ದಿಂದ ಗುಣಿಸಿ, ಮೀಟರನ್ನು ಮರೆತರೆ ಉತ್ತರ 0.0058 ಬರುತ್ತದೆ. ಮೇಡಂ ಆ ಉತ್ತರವನ್ನು ಅಳಿಸುವುದಿಲ್ಲ. ಇಷ್ಟು ಲೋಡಿಗೆ ಇಷ್ಟೇ ಸ್ಟ್ರೆಸ್ ಬಂದರೆ ನಂಬಬಹುದಾ ಅಂತ ಇಡೀ ಕ್ಲಾಸನ್ನು ಕೇಳುತ್ತಾರೆ.

ಸರಿಯಾದ ಉತ್ತರ ಬಂದ ಮೇಲೂ ಮುಂದಿನ ಲೆಕ್ಕಕ್ಕೆ ಹೋಗುವುದಿಲ್ಲ. ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ಎಂ20, ಅಂದರೆ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಡೆಯುವ ಕಾಂಕ್ರೀಟು ಬಾಗುವಾಗ ತಡೆಯುವ ಎಳೆತ 0.7 ಗುಣಿಸು 20ರ ವರ್ಗಮೂಲ, ಅಂದರೆ ಚದರ ಮಿ.ಮೀ.ಗೆ ಸುಮಾರು 3.13 ನ್ಯೂಟನ್. ನಮ್ಮ ಬೀಮ್‌ನಲ್ಲಿ ಇರುವುದು 5.8. ಹಾಗಾಗಿ ಕೆಳಮೈ ಬಿರುಕು ಬಿಡುತ್ತದೆ, ಅದಕ್ಕೇ ಕಂಬಿ ಕೆಳಗೆ ಬೇಕು. ಕೂಡಲೇ ಸಜ್ಜಾದ ಚಿತ್ರ ಬರೆಯುತ್ತಾರೆ. ಅದು ಕ್ಯಾಂಟಿಲಿವರ್ (ಒಂದೇ ತುದಿಯಲ್ಲಿ ಹಿಡಿದು ಚಾಚಿದ್ದು) ಆದ್ದರಿಂದ ಮೊಮೆಂಟಿನ ಚಿಹ್ನೆ ತಿರುಗುತ್ತದೆ, ಹಿಗ್ಗುವುದು ಮೇಲ್ಮೈ, ಕಂಬಿಯೂ ಮೇಲೇ ಇರಬೇಕು. ಕಾಂಕ್ರೀಟ್ ಹಾಕುವಾಗ ಕೆಲಸದವರು ಅದರ ಮೇಲೆ ಓಡಾಡಿ ಕಂಬಿ ಕೆಳಕ್ಕೆ ಕೂತರೆ, ಸೆಂಟ್ರಿಂಗ್ ಬಿಚ್ಚಿದಾಗ ಸಜ್ಜಾ ಬುಡದಲ್ಲೇ ಮುರಿಯಬಹುದು. ಪ್ಲಸ್, ಮೈನಸ್ ಯಾಕೆ ಮುಖ್ಯ ಅನ್ನುವುದು ಇದಕ್ಕಿಂತ ಚೆನ್ನಾಗಿ ಯಾರಿಗೂ ಹೇಳಲು ಬರುವುದಿಲ್ಲ.

ಕಲ್ಲಿನ ಕಟ್ಟಡಕ್ಕೆ ಅವರು ಕೊಡುವ ಉದಾಹರಣೆ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಆ ಅಣೆಕಟ್ಟೆ ನಿಂತಿರುವುದು ತನ್ನ ತೂಕದ ಮೇಲೆ. ಕಲ್ಲುಗಾರೆಗೆ ಎಳೆತ ತಡೆಯುವ ಶಕ್ತಿ ತೀರಾ ಕಡಿಮೆ. ನೀರಿನ ಒತ್ತಡವೂ ತೂಕವೂ ಸೇರಿದ ಬಲ ತಳದ ನಡುವಿನ ಮೂರನೇ ಒಂದು ಭಾಗದೊಳಗೇ ಬೀಳಬೇಕು, ಅಂದರೆ ಮಧ್ಯದಿಂದ ಅಗಲದ ಆರನೇ ಒಂದು ಭಾಗಕ್ಕಿಂತ ಆಚೆ ಹೋಗಬಾರದು. ಡೈರೆಕ್ಟ್ ಸ್ಟ್ರೆಸ್ಸಿಗೆ ಬೆಂಡಿಂಗ್ ಸ್ಟ್ರೆಸ್ ಕೂಡಿಸಿ ಕಳೆಯುವ ಒಣ ಲೆಕ್ಕ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ವಿವರಣೆ ಕನ್ನಡದಲ್ಲಿ, ಬೋರ್ಡಿನ ಬರಹ ಇಂಗ್ಲಿಷಿನಲ್ಲಿ. ಜಗಳೂರು, ಹೊನ್ನಾಳಿ, ಚಳ್ಳಕೆರೆ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ದೊಡ್ಡ ಆಸರೆ. ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರಿಗೆ ಸೇರುವವರು ಮಾತ್ರ ಇಂಟಿಗ್ರೇಷನ್ ಒಮ್ಮೆ ತಿರುವಿ ನೋಡಿಕೊಂಡು ಬರಬೇಕು. ಡಿಫ್ಲೆಕ್ಷನ್‌ಗೆ (ಬೀಮ್ ಎಷ್ಟು ಬಾಗಿ ಇಳಿಯುತ್ತದೆ ಅನ್ನುವುದಕ್ಕೆ) ಮೆಕಾಲೆ ವಿಧಾನ ಹೇಳುವಾಗ ಮೇಡಂ ಗಣಿತಕ್ಕಾಗಿ ನಿಲ್ಲುವುದಿಲ್ಲ. ಬ್ರಾಕೆಟನ್ನು ಬಿಡಿಸದೆ ಇಡಿಯಾಗಿ ಇಂಟಿಗ್ರೇಟ್ ಮಾಡಬೇಕು, ಒಳಗಿನ ಬೆಲೆ ಮೈನಸ್ ಆದರೆ ಆ ಪದವನ್ನು ಕೈಬಿಡಬೇಕು. ಹರಡಿದ ಲೋಡ್ ಮಧ್ಯದಲ್ಲೇ ನಿಂತರೆ ಅದನ್ನು ಬೀಮ್‌ನ ಕೊನೆವರೆಗೆ ಎಳೆದು, ಹೆಚ್ಚಾದ ಭಾಗಕ್ಕೆ ಅಷ್ಟೇ ಲೋಡನ್ನು ಉಲ್ಟಾ ಹಾಕಬೇಕು. ಈ ಮೂರೂ ಗೊತ್ತಿದ್ದರೆ ಆ ತರಗತಿ ಹಗುರ.

ಲ್ಯಾಬ್ ಕೂಡ ಅವರದೇ, ಅಲ್ಲಿ ಅವರು ಬಹಳ ಕಟ್ಟುನಿಟ್ಟು. 12 ಮಿ.ಮೀ. ಮೈಲ್ಡ್ ಸ್ಟೀಲ್ ಸರಳಿಗೆ ಗೇಜ್ ಲೆಂಗ್ತ್ (ಹಿಗ್ಗು ಅಳೆಯುವ ಉದ್ದ) ವ್ಯಾಸದ 5 ಪಟ್ಟು, 60 ಮಿ.ಮೀ. ಯುಟಿಎಂಗೆ (ಸರಳನ್ನು ಎಳೆದು ಪರೀಕ್ಷಿಸುವ ಯಂತ್ರಕ್ಕೆ) ಹಾಕುವ ಮುಂಚೆ ಯೀಲ್ಡ್ (ಸರಳು ಮತ್ತೆ ಮೊದಲಿನಂತಾಗದೆ ಹಿಗ್ಗತೊಡಗುವ ಹಂತ) ಎಷ್ಟಕ್ಕೆ ಬರಬಹುದು ಅಂತ ಹೇಳಲೇಬೇಕು: ವಿಸ್ತೀರ್ಣ 113 ಚದರ ಮಿ.ಮೀ., ಸ್ಟ್ರೆಸ್ ಚದರ ಮಿ.ಮೀ.ಗೆ 250 ನ್ಯೂಟನ್ ಅಂತ ಹಿಡಿದರೆ ಸುಮಾರು 28 ಕಿಲೋನ್ಯೂಟನ್. ಗ್ರಿಪ್ ಜಾರಿದರೆ ಗ್ರಾಫಿನ ಶುರುವಿನಲ್ಲಿ ಸುಳ್ಳು ಬಾಗು ಕಾಣುತ್ತದೆ, ಯಂಗ್ಸ್ ಮಾಡ್ಯುಲಸ್ (ಸ್ಟ್ರೆಸ್ಸಿಗೂ ಹಿಗ್ಗಿಗೂ ಇರುವ ಅನುಪಾತ) ಚದರ ಮಿ.ಮೀ.ಗೆ 2 ಲಕ್ಷ ನ್ಯೂಟನ್‌ಗಿಂತ ಎಷ್ಟೋ ಕಡಿಮೆ ಬರುತ್ತದೆ. ಕ್ರಾಸ್‌ಹೆಡ್ (ಯಂತ್ರದ ಚಲಿಸುವ ಭಾಗ) ಓಡಿದ ದೂರವನ್ನು ಸರಳಿನ ಹಿಗ್ಗು ಅಂತ ತೆಗೆದುಕೊಂಡರೂ ಅದೇ ಗತಿ. ಎಕ್ಸ್‌ಟೆನ್ಸೋಮೀಟರ್ (ಸರಳಿನ ಹಿಗ್ಗನ್ನೇ ಅಳೆಯುವ ಉಪಕರಣ) ಹಾಕಬೇಕು, ಯೀಲ್ಡ್ ದಾಟುತ್ತಿದ್ದಂತೆ ತೆಗೆಯಬೇಕು, ಇಲ್ಲವಾದರೆ ಸರಳು ಮುರಿಯುವ ಏಟಿಗೆ ಅದು ಹಾಳಾಗುತ್ತದೆ.

ಇನ್ನು ಕೊರತೆ. ಬೀಮ್‌ಗಳಿಗೆ ಅಷ್ಟು ಸಮಯ ಕೊಟ್ಟ ಮೇಲೆ ಟಾರ್ಷನ್ (ತಿರುಚು), ಕಾಲಮ್ (ಕಂಬ) ಎರಡೂ ಕೊನೆಯಲ್ಲಿ ಓಟದಲ್ಲಿ ಮುಗಿಯುತ್ತವೆ. ಅದಕ್ಕಾಗಿ ಇಡುವ ಶನಿವಾರ ಮಧ್ಯಾಹ್ನದ ಎಕ್ಸ್‌ಟ್ರಾ ಕ್ಲಾಸು ಬಸ್ಸಿಗೆ ಓಡುವ ಊರಿನವರಿಗೆ ಸಿಗುವುದಿಲ್ಲ, ಇದು ಅನ್ಯಾಯವೇ. ಹಳೆಯ ಪ್ರಶ್ನೆಪತ್ರಿಕೆಯನ್ನೂ ಅವರು ಬಿಡಿಸುವುದಿಲ್ಲ. ಬ್ಲೂ ಬುಕ್ (ಇಂಟರ್ನಲ್ಸ್ ಉತ್ತರಪುಸ್ತಕ) ವಾಪಸ್ ಬರುವುದು ತಡ, ಹಾಗಾಗಿ ಮೊದಲ ಇಂಟರ್ನಲ್ಸ್‌ನ ತಪ್ಪು ಎರಡನೆಯದರಲ್ಲೂ ಉಳಿದುಬಿಡುತ್ತದೆ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಅದರಲ್ಲಿ ಒಂದಕ್ಕೆ ಪೂರ್ತಿ ಉತ್ತರ, 20 ಅಂಕ. 2022ರ ಸ್ಕೀಮಿನಲ್ಲಿ ಇಂಟರ್ನಲ್ಸ್‌ನಲ್ಲಿ 50ಕ್ಕೆ 20, ಪರೀಕ್ಷೆಯಲ್ಲಿ 100ಕ್ಕೆ 35, ಒಟ್ಟು ಸೇರಿ ಶೇ. 40 ಬೇಕು. ಬೀಮ್ ಗಟ್ಟಿಯಿದ್ದವರು ಪಾಸಾಗುವುದು ಕಷ್ಟವಲ್ಲ, ಆದರೆ ಕಾಲಮ್ ಬಿಟ್ಟರೆ ಒಳ್ಳೆಯ ಗ್ರೇಡ್ ಹೋಗುತ್ತದೆ. ಅದನ್ನು ದಸರಾ ರಜೆಯಲ್ಲೇ ಸ್ವಂತವಾಗಿ ಓದಿಕೊಳ್ಳಿ. ಕಾಲಮ್ ಎಷ್ಟು ಲೋಡಿಗೆ ಬಾಗಿ ಸೋಲುತ್ತದೆ ಅಂತ ಹೇಳುವ ಆಯ್ಲರ್ ಸೂತ್ರಕ್ಕೆ ಎಫೆಕ್ಟಿವ್ ಲೆಂಗ್ತ್ (ಲೆಕ್ಕಕ್ಕೆ ಹಿಡಿಯುವ ಉದ್ದ), ಕಾಲಮಿನ ಉದ್ದ ಎಲ್ ಅಂತ ಇಟ್ಟರೆ, ಎರಡೂ ತುದಿ ಹಿಂಜ್ (ತಿರುಗಬಲ್ಲದ್ದು) ಆದರೆ ಎಲ್, ಎರಡೂ ಫಿಕ್ಸ್ ಆದರೆ ಎಲ್‌ನ ಅರ್ಧ, ಒಂದು ಫಿಕ್ಸ್ ಇನ್ನೊಂದು ಫ್ರೀ ಆದರೆ 2 ಎಲ್, ಒಂದು ಫಿಕ್ಸ್ ಇನ್ನೊಂದು ಹಿಂಜ್ ಆದರೆ ಎಲ್ ಭಾಗಿಸು 2ರ ವರ್ಗಮೂಲ. ಕಾಲಮಿನ ಎರಡು ದಿಕ್ಕಿನ ಮೊಮೆಂಟ್ ಆಫ್ ಇನರ್ಷಿಯಾದಲ್ಲಿ (ಬಾಗುವುದನ್ನು ಆಕಾರ ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಚಿಕ್ಕದನ್ನೇ ಹಾಕಬೇಕು, ಕಾಲಮ್ ಬಾಗುವುದು ಬಲ ಕಡಿಮೆಯಿರುವ ಕಡೆಗೆ. ಇಷ್ಟನ್ನು ಬಿಡಿಸಿ ಎಲ್ಲಿ ಸಿಕ್ಕಿಕೊಂಡಿತು ಅಂತ ಹಾಳೆ ಹಿಡಿದು ಸ್ಟಾಫ್ ರೂಮಿಗೆ ಹೋದರೆ ಮೇಡಂ ಎಷ್ಟು ಹೊತ್ತಾದರೂ ಕೂತು ಹೇಳಿಕೊಡುತ್ತಾರೆ. ಖಾಲಿ ಕೈಯಲ್ಲಿ ಹೋದವರನ್ನು ಮೊದಲು ಚಿತ್ರ ಬರೆದುಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತಾರೆ.