ವಿಂಡೋಸ್ 11 ಅಪ್‌ಗ್ರೇಡ್: ಅರ್ಧ ಕೆಲಸ ಬಯೋಸ್‌ನಲ್ಲೇ ಇದೆ

ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿದ್ದು 2025ರ ಅಕ್ಟೋಬರ್ 14ರಂದು. ‘ಆಮೇಲೆ ನೋಡಿದರಾಯಿತು’ ಎಂದು ಬಿಟ್ಟಿದ್ದ ಮನೆಯ ಕಂಪ್ಯೂಟರ್‌ಗಳನ್ನೆಲ್ಲ ಈಗ 11ಕ್ಕೆ ಏರಿಸಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ವಿಂಡೋಸ್ 11 ಚೆನ್ನಾಗಿದೆ, ಅದರ ಇನ್‌ಸ್ಟಾಲರ್ ಇನ್ನೂ ಚೆನ್ನಾಗಿದೆ. ಕೈಕೊಡುವುದೆಲ್ಲ ಅದಕ್ಕೂ ಮುಂಚಿನ ಕೆಲಸ, ಅಂದರೆ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್, ಡಿಸ್ಕಿನ ಪಾರ್ಟಿಷನ್ (ವಿಭಾಗ), ಹಳೇ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ). ಇಷ್ಟನ್ನು ಸರಿಮಾಡಿಕೊಂಡು ಕೂತರೆ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಸುಮಾರು ಒಂದು ಗಂಟೆಯ ಕೆಲಸ. ಇಲ್ಲದಿದ್ದರೆ ಆ ಭಾನುವಾರ ಹೋಯಿತು ಅಂತಲೇ ಲೆಕ್ಕ.

ಬೇಡಿಕೆ ಪಟ್ಟಿ ನೋಡಲು ಸಣ್ಣದು: 64 ಬಿಟ್‌ನ ಡ್ಯುಯಲ್ ಕೋರ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಯುಇಎಫ್‌ಐ (ಬಯೋಸ್‌ನ ಹೊಸ ರೂಪ), ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ಕಾವಲು), ಟಿಪಿಎಂ 2.0 (ಕೀಗಳನ್ನು ಕಾಪಿಡುವ ಭದ್ರತಾ ಚಿಪ್). ಗೋಡೆ ಇರುವುದು ಪ್ರೊಸೆಸರ್‌ಗಳ ಪಟ್ಟಿಯಲ್ಲಿ. ಇಂಟೆಲ್ ಆದರೆ, ಒಂದೆರಡು ಅಪವಾದ ಬಿಟ್ಟು, 8ನೇ ತಲೆಮಾರಿನಿಂದ ಮೇಲೆ. ಎಎಂಡಿ ಆದರೆ ರೈಜನ್ 2000 ಸರಣಿಯಿಂದ ಮೇಲೆ. ಅದರಲ್ಲೂ ಒಂದು ಮೋಸವಿದೆ: ರೈಜನ್ 2200ಜಿ ಮತ್ತು 2400ಜಿ ಹೆಸರಲ್ಲಷ್ಟೇ 2000, ಒಳಗಿರುವುದು ಎಎಂಡಿಯ ಮೊದಲ ತಲೆಮಾರಿನ ‘ಜೆನ್’ ವಿನ್ಯಾಸ. ಅವೂ ಹೊರಗೆ. ಕುದುರೆಯಂತೆ ಓಡುವ ಕೋರ್ ಐ7-7700ಕೆ ಹೊರಗೆ ನಿಂತು, ತೆವಳುವ ಸೆಲೆರಾನ್ ಎನ್4000 ಒಳಗೆ ಕೂತಿರುವುದನ್ನು ನೋಡಿದರೆ ಈ ಗೆರೆ ಎಳೆದವರು ವೇಗ ನೋಡಿ ಎಳೆಯಲಿಲ್ಲ ಎನ್ನುವುದು ಗೊತ್ತಾಗುತ್ತದೆ. ಇನ್ನು ಆ 4 ಜಿಬಿ ರ್‍ಯಾಮ್ ಮಾತನ್ನು ನಂಬಬೇಡಿ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಡಿಸ್ಕ್ ಲೈಟು ಮಿಣುಕುತ್ತಲೇ ಇರುತ್ತದೆ. 8 ಜಿಬಿ ಇದ್ದರೆ ನಡೆಯುತ್ತದೆ, 16 ಇದ್ದರೆ ನೆಮ್ಮದಿ.

ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಓಡಿಸಿದರೆ ಯಾವುದು ಪಾಸು, ಯಾವುದು ಫೇಲು ಎಂದು ತೋರಿಸುತ್ತದೆ. ಪ್ರೊಸೆಸರ್ ಫೇಲಾದರೆ ಅದು ಬೇರೆ ಕತೆ, ಕೊನೆಗೆ ಬರುತ್ತೇನೆ. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಫೇಲಾದರೆ ಗಾಬರಿ ಬೇಡ. ಪ್ರೊಸೆಸರ್ ಪಾಸಾದ ಯಂತ್ರದಲ್ಲಿ ಬಹುತೇಕ ಇವೆರಡೂ ಇದ್ದೇ ಇರುತ್ತವೆ, ಆಫ್ ಆಗಿರುತ್ತವೆ ಅಷ್ಟೆ. ಬೇರೆ ಟಿಪಿಎಂ ಚಿಪ್ ಕೊಂಡು ತರುವ ಅಗತ್ಯವಿಲ್ಲ. ಇಂಟೆಲ್ ಬೋರ್ಡ್‌ಗಳಲ್ಲಿ ಅದರ ಹೆಸರು ‘ಪಿಟಿಟಿ’, ಎಎಂಡಿ ಬೋರ್ಡ್‌ಗಳಲ್ಲಿ ‘ಎಫ್‌ಟಿಪಿಎಂ’. ಬಯೋಸ್‌ನ ಅಡ್ವಾನ್ಸ್‌ಡ್ ಅಥವಾ ಸೆಕ್ಯೂರಿಟಿ ಪುಟದಲ್ಲಿ ಅಡಗಿ ಕೂತಿರುತ್ತದೆ. ಆನ್ ಮಾಡಿ, ಸೇವ್ ಮಾಡಿ, ವಿಂಡೋಸ್‌ಗೆ ಮರಳಿ, ರನ್ ಬಾಕ್ಸಿನಲ್ಲಿ ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಕೊಟ್ಟರೆ ಸ್ಪೆಸಿಫಿಕೇಶನ್ ವರ್ಷನ್ 2.0 ಕಾಣಬೇಕು.

ಬಯೋಸ್ ಮುಟ್ಟುವ ಮುಂಚೆ ಒಂದು ಕೆಲಸ. ಕಂಟ್ರೋಲ್ ಪ್ಯಾನಲ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ), ಹೋಮ್ ಆವೃತ್ತಿಯಾದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್, ಆನ್ ಇದೆಯೇ ನೋಡಿ. ಲ್ಯಾಪ್‌ಟಾಪ್‌ಗಳಲ್ಲಿ ಯಾರೂ ಕೇಳದೆಯೇ ಆನ್ ಆಗಿರುವುದುಂಟು. ಆನ್ ಇದ್ದರೆ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ (ಹೋಮ್‌ನಲ್ಲಿ ಆಫ್ ಮಾಡಿ, ಡಿಕ್ರಿಪ್ಟ್ ಮುಗಿಯುವವರೆಗೆ ಕಾಯಿರಿ), ಜೊತೆಗೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್ ಅಪ್‌ಡೇಟ್ ಆದಾಗ ಅಥವಾ ಟಿಪಿಎಂ ಸೆಟ್ಟಿಂಗ್ ಬದಲಾದಾಗ ಡಿಸ್ಕಿನ ಬೀಗ ತಾನಾಗಿ ತೆರೆಯುವುದಿಲ್ಲ; ನೀಲಿ ಪರದೆ ಬಂದು ಆ 48 ಅಂಕಿ ಕೇಳುತ್ತದೆ. ಕೀ ಆನ್‌ಲೈನ್ ಖಾತೆಯಲ್ಲಿದೆ, ಖಾತೆಯ ಪಾಸ್‌ವರ್ಡ್ ಅದೇ ಕಂಪ್ಯೂಟರಿನಲ್ಲಿದೆ ಎನ್ನುವ ಸ್ಥಿತಿಗೆ ಸಿಕ್ಕಿಕೊಂಡರೆ ಫೈಲುಗಳಿಗೆ ಎಳ್ಳು ನೀರು ಬಿಟ್ಟಂತೆಯೇ.

ಈಗ ನಿಜವಾದ ತಲೆನೋವಿಗೆ ಬರೋಣ. ಸೆಕ್ಯೂರ್ ಬೂಟ್ ಬೇಕೆಂದರೆ ಯಂತ್ರ ಯುಇಎಫ್‌ಐ ಮೋಡ್‌ನಲ್ಲಿ ಬೂಟ್ ಆಗಬೇಕು, ಅದಕ್ಕೆ ಡಿಸ್ಕಿನ ಪಾರ್ಟಿಷನ್ ಪಟ್ಟಿ ಜಿಪಿಟಿ ಎಂಬ ಹೊಸ ರೂಪದಲ್ಲಿರಬೇಕು. ವಿಂಡೋಸ್ 7ರಿಂದ 10ಕ್ಕೆ ಏರಿಸಿಕೊಂಡು ಬಂದ ಯಂತ್ರಗಳಲ್ಲಿ ಡಿಸ್ಕ್ ಸಾಮಾನ್ಯವಾಗಿ ಹಳೇ ಎಂಬಿಆರ್ ರೂಪದಲ್ಲೇ ಉಳಿದಿರುತ್ತದೆ, ಬಯೋಸ್ ಹಳೇ ರೀತಿಯ ಬೂಟ್‌ಗೆ ಅವಕಾಶ ಕೊಡುವ ‘ಸಿಎಸ್‌ಎಂ’ ಎಂಬ ಊರುಗೋಲಿನ ಮೇಲೆ ನಡೆಯುತ್ತಿರುತ್ತದೆ. ಹೆಚ್ಚಿನವರು ಮಾಡುವ ತಪ್ಪು ಇಲ್ಲೇ: ಮೊದಲು ಸಿಎಸ್‌ಎಂ ಆಫ್ ಮಾಡಿಬಿಡುತ್ತಾರೆ. ಮರುಕ್ಷಣವೇ ‘ಬೂಟ್ ಡಿವೈಸ್ ಇಲ್ಲ’ ಎನ್ನುವ ಕಪ್ಪು ಪರದೆ. ಡಿಸ್ಕ್ ಸತ್ತಿಲ್ಲ, ಡೇಟಾ ಹೋಗಿಲ್ಲ. ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತೆ.

ಸರಿಯಾದ ಕ್ರಮ ಹೀಗೆ. ಬ್ಯಾಕಪ್ ಆದ ಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸುವ ಎಂಬಿಆರ್2ಜಿಪಿಟಿ ಕಮಾಂಡನ್ನು ಮೊದಲು ‘ವ್ಯಾಲಿಡೇಟ್’ ಮತ್ತು ‘ಅಲೌಫುಲ್‌ಓಎಸ್’ ಎಂಬ ಸ್ವಿಚ್‌ಗಳ ಜೊತೆ ಓಡಿಸಿ. ಇದು ಬರೀ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ. ಪಾಸಾದರೆ ‘ವ್ಯಾಲಿಡೇಟ್’ ಜಾಗದಲ್ಲಿ ‘ಕನ್ವರ್ಟ್’ ಹಾಕಿ ಮತ್ತೆ ಓಡಿಸಿ. ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ವಿಂಡೋಸ್ ಇರುವ ಡಿಸ್ಕಿನ ನಂಬರನ್ನು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿ ಅದನ್ನೂ ಕೊಡಿ. ಫೇಲಾದರೆ ಕಾರಣ ಹೆಚ್ಚಾಗಿ ಒಂದೇ: ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದೆ, ಅಥವಾ ಲಾಜಿಕಲ್ ಪಾರ್ಟಿಷನ್ ಇದೆ. ಯಂತ್ರ ತಯಾರಕರು ತುರುಕಿದ ಹಳೇ ರಿಕವರಿ ಪಾರ್ಟಿಷನ್ ಅಳಿಸಿದರೆ ಎಷ್ಟೋ ಸಲ ದಾರಿ ಬಿಡುತ್ತದೆ. ಕೊನೆಯಲ್ಲಿ ರೀಏಜೆಂಟ್ (ವಿಂಡೋಸ್ ರಿಕವರಿಯ ಸೆಟ್ಟಿಂಗ್) ಫೈಲ್ ಅಪ್‌ಡೇಟ್ ಆಗಲಿಲ್ಲ ಎಂದು ಗೊಣಗಿದರೆ ಪರಿವರ್ತನೆ ಕೆಟ್ಟಿತು ಅಂದುಕೊಳ್ಳಬೇಡಿ. ರೀಏಜೆಂಟ್‌ಸಿ ಕಮಾಂಡನ್ನು ಒಮ್ಮೆ ಡಿಸೇಬಲ್, ಒಮ್ಮೆ ಎನೇಬಲ್ ಮಾಡಿದರೆ ಸಾಕು. ಇಷ್ಟಾದ ಮೇಲೆ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡಿ, ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಬೂಟ್ ಪಟ್ಟಿಯ ತಲೆಗೆ ತನ್ನಿ, ಸೆಕ್ಯೂರ್ ಬೂಟ್ ಆನ್ ಮಾಡಿ.

ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಮಾನಿಟರ್‌ಗೆ ಸಿಗ್ನಲ್ಲೇ ಬರದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸಿ. ಯುಇಎಫ್‌ಐ ತಿಳಿಯದ ಹಳೇ ಕಾರ್ಡ್‌ಗಳು ಬೂಟ್ ಹಂತದಲ್ಲಿ ಚಿತ್ರ ಕೊಡುವುದಿಲ್ಲ. ಕಾರ್ಡ್ ತೆಗೆದು ಬೋರ್ಡಿನ ವಿಡಿಯೋ ಪೋರ್ಟಿಗೆ ಕೇಬಲ್ ಚುಚ್ಚಿ ನೋಡಿ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಸಿಮಾಸ್ ರೀಸೆಟ್ (ಬಯೋಸ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಡೀಫಾಲ್ಟ್‌ಗೆ ತರುವುದು) ಒಂದೇ ಗತಿ. ರೀಸೆಟ್ ಎಂದಾಗ ನೆನಪಾಯಿತು, ಐದಾರು ವರ್ಷ ದಾಟಿದ ಡೆಸ್ಕ್‌ಟಾಪ್ ಆದರೆ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಇದೇ ನೆಪದಲ್ಲಿ ಬದಲಿಸಿಬಿಡಿ. ಸೆಲ್ ಸತ್ತರೆ ಪವರ್ ಹೋಗಿ ಬಂದ ಕೂಡಲೇ ಬಯೋಸ್ ಹಳೇ ಡೀಫಾಲ್ಟ್‌ಗೆ ಮರಳುತ್ತದೆ, ಟಿಪಿಎಂ ಆಫ್, ಸಿಎಸ್‌ಎಂ ಆನ್. ನಿನ್ನೆಯವರೆಗೆ ಸರಿಯಿದ್ದ ವಿಂಡೋಸ್ ಇವತ್ತು ಏಳದಿದ್ದರೆ ಎಲ್ಲರೂ ಅಪ್‌ಗ್ರೇಡ್‌ಗೆ ಬೈಯುತ್ತಾರೆ. ಗಡಿಯಾರ ಹಿಂದಿನ ಯಾವುದೋ ವರ್ಷ ತೋರಿಸುತ್ತಿರುವುದನ್ನು ಯಾರೂ ನೋಡುವುದಿಲ್ಲ.

ಇನ್‌ಸ್ಟಾಲ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ವಿಂಡೋಸ್ ಅಪ್‌ಡೇಟ್, ಇನ್‌ಸ್ಟಲೇಷನ್ ಅಸಿಸ್ಟೆಂಟ್, ಐಎಸ್‌ಒ (ಇನ್‌ಸ್ಟಾಲ್‌ಗೆ ಬೇಕಾದ್ದೆಲ್ಲ ಇರುವ ಒಂದೇ ಫೈಲ್) ಎಂದು ಮೂರು ದಾರಿ. ಮನೆಯಲ್ಲಿ ಎರಡು ಮೂರು ಯಂತ್ರವಿದ್ದರೆ ಐಎಸ್‌ಒ ಒಮ್ಮೆ ಇಳಿಸಿಕೊಂಡು, ಡಬಲ್ ಕ್ಲಿಕ್ ಮಾಡಿ ಮೌಂಟ್ ಮಾಡಿ, ಒಳಗಿನ ಸೆಟಪ್ ಓಡಿಸುವುದೇ ಲೇಸು. ಪ್ರತಿ ಯಂತ್ರಕ್ಕೂ ಅಷ್ಟೂ ಜಿಬಿ ಮತ್ತೆ ಇಳಿಸುವುದು ತಪ್ಪುತ್ತದೆ, ಶುರುವಿನಲ್ಲೇ ‘ಅಪ್‌ಡೇಟ್ ಈಗ ಬೇಡ’ ಎಂದೂ ಹೇಳಬಹುದು. ಸಿ ಡ್ರೈವ್‌ನಲ್ಲಿ 30 ಜಿಬಿ ಖಾಲಿ ಇಡಿ. ಹೊರಗಿನ ಆ್ಯಂಟಿವೈರಸ್, ವಿಪಿಎನ್ ತೆಗೆದುಹಾಕಿ. ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಯುಎಸ್‌ಬಿ ಎಲ್ಲ ಕಿತ್ತಿಡಿ. ಸಿ ಡ್ರೈವ್ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿ, ಆಮೇಲೆ ಈ ಮಾತು.

ಅರ್ಧಕ್ಕೆ ಹೋಗಿ ‘ಹಿಂದಿನ ಆವೃತ್ತಿಗೆ ಮರಳುತ್ತಿದೆ’ ಎಂದರೆ ಎರರ್ ಕೋಡ್ ಓದಿಕೊಳ್ಳಿ. 0xC1900101 ಎಂದು ಶುರುವಾದರೆ ತಪ್ಪು ಡ್ರೈವರ್‌ನದು. ಸ್ಟೋರೇಜ್, ವೈಫೈ, ಗ್ರಾಫಿಕ್ಸ್ ಡ್ರೈವರ್‌ಗಳನ್ನು ತಯಾರಕರ ಸೈಟ್‌ನಿಂದ ಹೊಸದು ಮಾಡಿ. ‘ಸಿಸ್ಟಮ್ ರಿಸರ್ವ್‌ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ’ ಎಂದರೆ ಬೂಟ್ ಫೈಲುಗಳಿರುವ 100 ಎಂಬಿಯ ಇಎಫ್‌ಐ ಪಾರ್ಟಿಷನ್ ತುಂಬಿದೆ. ಮೌಂಟ್‌ವಾಲ್ ಕಮಾಂಡಿನಿಂದ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ಒಳಗಿನ ಇಎಫ್‌ಐ, ಮೈಕ್ರೋಸಾಫ್ಟ್, ಬೂಟ್, ಫಾಂಟ್ಸ್ ಎಂಬ ಫೋಲ್ಡರ್‌ವರೆಗೆ ಇಳಿದು ಅಲ್ಲಿನ ಫಾಂಟ್ ಫೈಲುಗಳನ್ನಷ್ಟೇ ಅಳಿಸಿದರೆ ಜಾಗ ಆಗುತ್ತದೆ. ಬೇರೆ ಯಾವ ಫೋಲ್ಡರನ್ನೂ ಮುಟ್ಟಬೇಡಿ.

ಪೂರ್ತಿ ಹೊಸದಾಗಿ ಹಾಕುವವರಿಗೆ ಎರಡು ಬೇರೆ ಬಲೆಗಳಿವೆ. 11ನೇ ತಲೆಮಾರಿನಿಂದೀಚಿನ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಕಾರಣ ವಿಎಂಡಿ, ಎಸ್‌ಎಸ್‌ಡಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವ ಇಂಟೆಲ್‌ನ ವ್ಯವಸ್ಥೆ. ಇಂಟೆಲ್‌ನ ಆರ್‌ಎಸ್‌ಟಿ ಎಂಬ ಸ್ಟೋರೇಜ್ ಡ್ರೈವರನ್ನು ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡು ‘ಲೋಡ್ ಡ್ರೈವರ್’ ಒತ್ತಿದರೆ ಡಿಸ್ಕ್ ಪ್ರತ್ಯಕ್ಷ. ಎರಡನೆಯದು ಎನ್‌ಕ್ರಿಪ್ಷನ್. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸ ಇನ್‌ಸ್ಟಾಲ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಕೊಟ್ಟು ಒಳಬಂದರೆ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗುತ್ತದೆ, ಹೋಮ್ ಆವೃತ್ತಿಯಲ್ಲೂ. ಒಳ್ಳೆಯ ಕ್ರಮವೇ, ಆದರೆ ಹೇಳಿ ಮಾಡಬಹುದಿತ್ತು. ಇದೇ ಸಾಲಿಗೆ ಕನ್ನಡದವರಿಗೊಂದು ಕಿವಿಮಾತು: ಹಳೇ ಕಡತಗಳ ‘ತುಂಗಾ’ ಫಾಂಟ್ ಹೊಸ ಇನ್‌ಸ್ಟಾಲ್‌ನಲ್ಲಿ ಕಾಣದಿದ್ದರೆ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ.

ಏರಿಸಿದ ಮೇಲೆ ಮೊದಲ ದಿನವೇ ಮಾಡಬೇಕಾದ್ದು: ಹಿಂದಕ್ಕೆ ಹೋಗುವ ಅವಕಾಶ ಬರೀ 10 ದಿನ. ಡಿಸ್ಮ್ ಕಮಾಂಡಿನ ‘ಸೆಟ್ ಓಎಸ್ ಅನ್‌ಇನ್‌ಸ್ಟಾಲ್ ವಿಂಡೋ’ ಸ್ವಿಚ್‌ಗೆ 60 ಎಂದು ಕೊಟ್ಟರೆ ಎರಡು ತಿಂಗಳಾಗುತ್ತದೆ. ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡುತ್ತವೆಯೇ ಎಂದು 11ನೇ ದಿನ ಪರೀಕ್ಷಿಸಿ ಪ್ರಯೋಜನವಿಲ್ಲ. ಒನ್‌ಡ್ರೈವ್ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸನ್ನು ತನ್ನ ಮನೆಗೆ ಸಾಗಿಸಿದೆಯೇ ನೋಡಿ. ಉಚಿತ ಜಾಗ 5 ಜಿಬಿ ಮಾತ್ರ, ತುಂಬಿದ ಮೇಲೆ ಬರುವ ಕಿರಿಕಿರಿಗೆ ಕೊನೆಯಿಲ್ಲ. ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಷನ್ ಪುಟದಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಆನ್ ಆಗದಿದ್ದರೆ ಅಡ್ಡ ನಿಂತ ಡ್ರೈವರ್ ಹೆಸರನ್ನು ಅದೇ ತೋರಿಸುತ್ತದೆ, ಸಾಮಾನ್ಯವಾಗಿ ಎಂದೋ ಎಸೆದ ಯಾವುದೋ ಸಾಧನದ್ದು.

ಬಳಕೆಯಲ್ಲಿ? ಫೈಲ್ ಎಕ್ಸ್‌ಪ್ಲೋರರ್‌ನ ಟ್ಯಾಬ್‌ಗಳು, ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಬರುವ, ತೆರೆದ ವಿಂಡೋಗಳನ್ನು ಪರದೆಯಲ್ಲಿ ಜೋಡಿಸುವ ಸ್ನ್ಯಾಪ್ ಲೇಔಟ್, ಉಳಿಸದಿದ್ದರೂ ಬರೆದದ್ದನ್ನು ನೆನಪಿಟ್ಟುಕೊಳ್ಳುವ ನೋಟ್‌ಪ್ಯಾಡ್, ಇವು ಮೂರಕ್ಕೇ ಪೂರ್ಣ ಅಂಕ. ರೈಟ್ ಕ್ಲಿಕ್ ಮೆನುವನ್ನು ಅರ್ಧ ಮುಚ್ಚಿಟ್ಟಿದ್ದು ಮಾತ್ರ ಕ್ಷಮಿಸಲಾಗದ್ದು; ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನು ಸಿಗುತ್ತದೆ. ಸ್ಟಾರ್ಟ್ ಮೆನುವಿನ ಶಿಫಾರಸುಗಳು ಜಾಹೀರಾತಿನ ಇನ್ನೊಂದು ಹೆಸರು, ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ವರ್ಡ್‌ಪ್ಯಾಡ್ 24ಎಚ್2ರಲ್ಲಿ ಇಲ್ಲವೇ ಇಲ್ಲ.

ಇನ್ನು ಪ್ರೊಸೆಸರ್ ಫೇಲಾದ ಯಂತ್ರಗಳು. ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸುವ ರೂಫಸ್ ಎಂಬ ಆ್ಯಪ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಬೇಡ ಎಂದು ಟಿಕ್ ಹಾಕಿ ಪೆನ್‌ಡ್ರೈವ್ ಮಾಡಿದರೆ 6, 7ನೇ ತಲೆಮಾರಿನ ಇಂಟೆಲ್‌ನಲ್ಲಿ 11 ಓಡುತ್ತದೆ, ಸರಾಗವಾಗಿಯೇ ಓಡುತ್ತದೆ. ತಿಂಗಳ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತವೆ, ಆದರೆ ಬಂದೇ ಬರುತ್ತವೆ ಎಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ದೊಡ್ಡ ಆವೃತ್ತಿ ಬಂದಾಗಲಂತೂ ಐಎಸ್‌ಒ ಹಿಡಿದು ಮತ್ತೆ ಇದೇ ಕಸರತ್ತು. ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಿ ಅದೂ ಸಾಧ್ಯವಿಲ್ಲ: 24ಎಚ್2ಗೆ ಪಾಪ್‌ಕೌಂಟ್ ಎಂಬ ಇನ್‌ಸ್ಟ್ರಕ್ಷನ್ ಕಡ್ಡಾಯ, ಅದಿಲ್ಲದ ಚಿಪ್‌ನಲ್ಲಿ ಬೂಟೇ ಆಗುವುದಿಲ್ಲ, ಯಾವ ಬೈಪಾಸೂ ನಡೆಯುವುದಿಲ್ಲ. ಬಿಚ್ಚಿ ಜೋಡಿಸುವ ಹುಚ್ಚಿರುವವರ ಸ್ವಂತ ಮೇಜಿಗೆ ಬೈಪಾಸ್ ಸರಿ. ಅಪ್ಪ ಅಮ್ಮನ ಕಂಪ್ಯೂಟರಿಗೆ ಬೇಡ. ಪ್ರತಿ ವರ್ಷ ಅದನ್ನು ಏರಿಸುವ ಕೆಲಸ ನಿಮ್ಮ ತಲೆಗೇ ಬರುತ್ತದೆ.

ಅಂಥ ಯಂತ್ರಕ್ಕೆ ಸ್ವಲ್ಪ ಸಮಯ ಬೇಕೆಂದರೆ ವಿಂಡೋಸ್ 10ರ 22ಎಚ್2 ಆವೃತ್ತಿಗೆ ಮೈಕ್ರೋಸಾಫ್ಟ್ ಘೋಷಿಸಿದ ಇಎಸ್‌ಯು (ವಿಸ್ತರಿತ ಭದ್ರತಾ ಅಪ್‌ಡೇಟ್) ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುತ್ತದೆ. ಆಮೇಲೆ, ಅಥವಾ ಇವತ್ತೇ, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಬೆಂಬಲವಿದೆ. 4 ಜಿಬಿ ರ್‍ಯಾಮ್‌ನಲ್ಲಿ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾಗಿ ಓಡುತ್ತದೆ. ಹಾಕುವ ಮುನ್ನ ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿ, ವೈಫೈಗೆ ಸೇರಿಸಿ, ಒಂದು ವಿಡಿಯೋ ಕಾಲ್ ಮಾಡಿ, ಒಂದು ಪುಟ ಪ್ರಿಂಟ್ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ ತೆರೆದು ನಿದ್ದೆಯಿಂದ ಏಳುತ್ತದೆಯೇ ಎಂದೂ ನೋಡಿ. ಇವು ನಾಲ್ಕೂ ಆದರೆ ಇನ್‌ಸ್ಟಾಲ್ ಬಟನ್ ಒತ್ತಬಹುದು.